ಹಿಂಬಾಗಿಲಿನ ಹೊಸ್ತಿಲು

ಅಕ್ಕ ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೆಲ್ಲ ಅವಳ ತಾಳ್ಮೆಯನ್ನು ಹೊಗಳಿ ಹೋದರು. ಅವಳಿಗೆ ತಾಳ್ಮೆ ಇರಲಿಲ್ಲ. ಇದ್ದಿದ್ದರೆ ಮಂಡ್ಯದ ಆ ವಠಾರಕ್ಕೆ ಹಿಂಬಾಗಿಲೇ ಬರುತ್ತಿರಲಿಲ್ಲ. ಅಷ್ಟನ್ನಾದರೂ ಬರೆದಿಡೋಣ ಅನ್ನಿಸಿತು.

ಎಪ್ಪತ್ತರ ದಶಕದ ನಡುವಿನ ಮಾತು. ಅಕ್ಕನಿಗೆ ಮಂಡ್ಯದ ಪ್ರೈಮರಿ ಸ್ಕೂಲಿನಲ್ಲಿ ಕೆಲಸ ಸಿಕ್ಕಿತ್ತು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವಳ ಎಡಗಾಲು ಮೇಲಕ್ಕೆ ಏಳುತ್ತಿರಲಿಲ್ಲ. ನೆಲದ ಮೇಲೆ ಎಳೆದುಕೊಂಡೇ ನಡೆಯುತ್ತಿದ್ದಳು. ಜೊತೆಗಿರಲಿ ಎಂದು ಆತಗೂರಿನಿಂದ ನನ್ನನ್ನೂ ಕಳಿಸಿದರು. ಎಸ್ಸೆಸ್ಸೆಲ್ಸಿ ಮುಗಿಸಿ ಸುಮ್ಮನೆ ಕೂತಿದ್ದವಳು ನಾನು. ಅಡುಗೆ ನನ್ನದು. ಬೆಳಿಗ್ಗೆ, ಸಂಜೆ ಅವಳಿಗೆ ಹೆಗಲು ಕೊಟ್ಟು ವಠಾರದ ಮುಂದಿನ ಮೆಟ್ಟಿಲು ದಾಟಿಸುವುದೂ ನನ್ನದು.

ವಠಾರದ ಯಜಮಾನರು ಪುರೋಹಿತರು. ಹಿಂಭಾಗದಲ್ಲಿ ಅವರ ಮನೆ, ಅಂಗಳದ ಎರಡು ಮಗ್ಗುಲಲ್ಲಿ ನಮ್ಮಂಥವರ ಬಾಡಿಗೆ ಮನೆಗಳು. ಎಲ್ಲರಿಗೂ ಸೇರಿ ಒಂದೇ ಮುಂಬಾಗಿಲು. ಮನೆಗೊಂದು ಸೀಮೆಎಣ್ಣೆ ಸ್ಟೌ, ಅಂಗಳದಲ್ಲಿ ನೀರೊಲೆಗೆಂದು ಗುಡ್ಡೆ ಹಾಕಿದ ಒಣಗಿದ ಕಬ್ಬಿನ ತರಗು.

ಆ ವರ್ಷ ಸರ್ಕಾರದವರಿಗೆಲ್ಲ ಇದ್ದಕ್ಕಿದ್ದಂತೆ ಕೆಲಸ ಮಾಡುವ ಹುಮ್ಮಸ್ಸು ಬಂದಿತ್ತು. ಪಕ್ಕದ ಬೀದಿಯ ವಠಾರವೊಂದರಲ್ಲಿ ಸ್ಟೌ ಸಿಡಿದಿದ್ದೇ ನೆಪವಾಗಿ ಮುನಿಸಿಪಾಲಿಟಿಯ ಅಧಿಕಾರಿಯೊಬ್ಬರು ನಮ್ಮಲ್ಲಿಗೂ ಬಂದರು. ಮರಳಿನ ಬಕೆಟ್ಟು ಇರಬೇಕು, ಅಂಗಳದಲ್ಲಿ ತರಗು ಇರಬಾರದು, ಹೊರಗೆ ಹೋಗಲು ಎರಡು ದಾರಿ ಇರಬೇಕು ಎಂದರು.

ಯಜಮಾನರು ಕಾನೂನಿಗೆ ತಲೆಬಾಗುವ ಮನುಷ್ಯರು. ಬಕೆಟ್ಟು ಬಂತು. ಹೆಂಗಸರು ಆ ಮರಳಿನಲ್ಲಿ ಕಡಲೆಕಾಯಿ ಹುರಿದು, ತಪ್ಪದೆ ವಾಪಸ್ಸು ತುಂಬಿಟ್ಟರು. ಅಂಗಳದಲ್ಲಿ ತರಗು ಇರಬಾರದಲ್ಲ, ಅದನ್ನೆಲ್ಲ ಹೊರಿಸಿ ಮುಂಬಾಗಿಲಿನ ಪಕ್ಕ ಒಟ್ಟಿಸಿದರು. ಎರಡನೇ ದಾರಿಯ ವಿಷಯಕ್ಕೆ, "ಇದೆಯಲ್ಲ ಸ್ವಾಮಿ, ನಮ್ಮ ಅಡುಗೆಮನೆಯಿಂದ ಹಿಂದಿನ ಓಣಿಗೆ ಬಾಗಿಲಿದೆ" ಎಂದರು. ಅಧಿಕಾರಿ ತಲೆಯಾಡಿಸಿ ಹೋದರು.

ಅವರು ಹೋದ ಮೇಲೆ ಯಜಮಾನರ ಹೆಂಡತಿ ಬಾಗಿಲಿಗೆ ಬಂದು ನಿಂತರು. "ಬರೋರು ಬರ್ಲಿ, ಬೇಡ ಅನ್ನಲ್ಲ. ಆದ್ರೆ ಸ್ನಾನ ಮಾಡ್ಕೊಂಡು ಬರ್ಬೇಕು. ಅಡುಗೆಮನೇಲಿ ನಾನು ಮಡೀಲಿರ್ತೀನಿ."

ಎದುರು ಮನೆಯಲ್ಲಿದ್ದ ಸಕ್ಕರೆ ಕಾರ್ಖಾನೆಯ ಫಿಟ್ಟರು ಕೆರಗೋಡಿನ ಕಡೆಯವನು. "ಬೆಂಕಿ ಬಿದ್ದಾಗ ಮೀಯಕ್ಕೆ ನೀರೆಲ್ಲೈತೆ ಅಮ್ಮೋರೆ? ಬೆಂಕಿ ಆರ್ಸಕ್ಕೇ ಸಾಲ್ದು" ಎಂದ.

"ಒಂದು ಚೊಂಬು ತಲೆ ಮೇಲೆ ಸುರ್ಕೊಂಡ್ರೂ ಆಯ್ತು ಕಣಯ್ಯ" ಎಂದರು ಯಜಮಾನರು. "ಅಗ್ನಿಯಾದ್ರೂ ದೇವರೇ ತಾನೆ, ಅಷ್ಟು ಹೊತ್ತು ಕಾಯ್ತಾನೆ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. "ಅಮ್ಮೋರೆ, ನಿಮ್ಮ ಅಡುಗೆಮನೆಗೇ ಬೆಂಕಿ ಬಿದ್ರೆ? ಆಗ ನೀವು ನಮ್ಮ ಅಂಗಳಕ್ಕೆ ತಾನೆ ಓಡಿ ಬರದು? ನಾವೆಲ್ಲ ಮಿಂದಿದ್ದೀವಾ ಇಲ್ವಾ ಅಂತ ಒಳಗೆ ನಿಂತ್ಕಂಡೇ ಕೇಳ್ತೀರಾ?"

ಆಕೆ ಒಳಗೆ ಹೋದರು. ಗಂಡಹೆಂಡಿರ ನಡುವೆ ಏನು ಮಾತಾಯಿತೋ, ಆ ವಾರವೇ ಗಾರೆ ಕೆಲಸದವನು ಬಂದು, ಅಂಗಳದಿಂದಲೇ ಹಿಂದಿನ ಓಣಿಗೆ ದಾರಿಯಾಗುವಂತೆ ಬಚ್ಚಲ ಪಕ್ಕದ ಗೋಡೆ ಒಡೆಯತೊಡಗಿದ.

ಪುರೋಹಿತರ ಮನೆಯ ಬಾಗಿಲು ಹೇಗೆಂದರೆ ಹಾಗೆ ಆಗುವುದುಂಟೆ? ಬೆಂಕಿ ಬಂದಾಗ ಓಡಿಹೋಗಲು ಮಾಡಿದ ಬಾಗಿಲಿಗೆ ಮುಹೂರ್ತ ನೋಡಿ ಚೌಕಟ್ಟು ನಿಲ್ಲಿಸಿದರು. ಕೆಳಗೆ ಗೇಣೆತ್ತರದ ಹೊಸ್ತಿಲು. ಅದಕ್ಕೆ ಅರಿಶಿನ ಕುಂಕುಮ, ಮುಂದೆ ರಂಗೋಲಿ. ವಠಾರದ ಮಕ್ಕಳೆಲ್ಲ ಅದರ ಮೇಲೆ ಹಾರಿ ಹಾರಿ ಓಣಿಗೆ ಹೋಗಿ ಬಂದವು. ಅಕ್ಕ ಹೊಸ್ತಿಲಿನ ಮುಂದೆ ನಿಂತೇ ಇದ್ದಳು.

"ಇದನ್ನ ನಾನು ಎಂಗೆ ದಾಟ್ಲಿ?"

"ಹೊಸ್ತಿಲಿಲ್ದೆ ಇದ್ರೆ ಅದನ್ನ ಬಾಗಿಲು ಅಂತಾರೇನಮ್ಮಾ? ಗೋಡೆ ತೂತು ಅಂತಾರೆ" ಎಂದರು ಯಜಮಾನರು.

"ನಂಗೆ ತೂತೇ ಸಾಕು. ಇಲಿಗೆ ಸಾಲಲ್ವಾ?"

"ಲಕ್ಷ್ಮಿ ಇರೋ ಜಾಗ ಕಣಮ್ಮ, ಕುಯ್ಯಕ್ಕಾಗತ್ತಾ?" ಎಂದರು ಅವರ ಹೆಂಡತಿ. "ಎತ್ತಿ ದಾಟ್ಸಕ್ಕೆ ನಿನ್ ತಂಗಿ ಇದಾಳಲ್ಲ."

"ಅವ್ಳು ಮಾರ್ಕೆಟ್ಟಿಗೆ ಓಗಿದ್ರೆ?"

ನನಗೆ ಒಳಗೊಳಗೇ ನೋವಾಯಿತು. "ನಾನೆಲ್ಲೂ ಓಗಲ್ಲ ಬುಡಕ್ಕ" ಎಂದೆ.

"ಮದ್ವೆ ಮಾಡ್ಕೊಳ್ದೆ ನನ್ ಕಾಲ್ ಕಾಯ್ಕಂಡು ಕೂತಿರ್ತೀಯೇನೇ? ಸುಮ್ಕಿರು" ಎಂದಳು.

ಅಧಿಕಾರಿ ಮತ್ತೆ ಬಂದರು. ಎಲ್ಲರೂ ಹಿಂಬಾಗಿಲಿನಿಂದ ಹೊರಗೆ ಹೋಗಿ ತೋರಿಸಬೇಕು ಎಂದರು. ಫಿಟ್ಟರು ಕುಟುಂಬ ಸಮೇತ ಹೋದ, ಮಕ್ಕಳು ಹಾರಿದವು. ನನ್ನ ಕೈ ಹಿಡಿಯಲು ಅಕ್ಕ ಒಪ್ಪಲಿಲ್ಲ; ಮುಂದೆ ಹೋಗೆಂದು ನೂಕಿದಳು. ಕೊನೆಯಲ್ಲಿ ಅವಳೊಬ್ಬಳೇ ಬಂದಳು. ಚೌಕಟ್ಟು ಹಿಡಿದು ಬಲಗಾಲು ಆಚೆ ಇಟ್ಟಳು. ಎಡಗಾಲು ಹೊಸ್ತಿಲಿಗೆ ಸಿಕ್ಕಿತು. ಹೊಸ್ತಿಲಿನ ಮೇಲೇ ಅಡ್ಡಡ್ಡ ಬಿದ್ದಳು.

ನಾನು ಓಣಿಯಲ್ಲಿದ್ದವರ ನಡುವೆ ನುಸುಳಿ ಬರುವಷ್ಟರಲ್ಲಿ ಅಧಿಕಾರಿ ಬಗ್ಗಿ ನೋಡಿದರು. "ಅರ್ಧಕ್ಕಿಂತ ಜಾಸ್ತಿ ಹೊರಗೇ ಇದಾರಲ್ಲ, ನಡೆಯುತ್ತೆ" ಎಂದು ರುಜು ಹಾಕಿದರು.

ಆಗ ಯಜಮಾನರ ಹೆಂಡತಿ ಬಚ್ಚಲಿನಿಂದ ಒದ್ದೆ ಸೀರೆಯಲ್ಲಿ, ಮಡಿನೀರಿನ ಕೊಡ ಹಿಡಿದು ಹೊರಟಿದ್ದರು. ಕೊಡ ಕೆಳಗಿಟ್ಟರು. ಹಿಂದಿನಿಂದ ಬಂದು ಅಕ್ಕನ ಕಂಕುಳಿಗೆ ಕೈ ಹಾಕಿ, ಎತ್ತಿ ಹೊಸ್ತಿಲಿನಾಚೆ ನಿಲ್ಲಿಸಿದರು. ಆಮೇಲೆ ತಮ್ಮ ಕೈಗಳನ್ನೇ ನೋಡುತ್ತ ನಿಂತರು.

"ಏನೇ ಇದು! ಮಡಿ!" ಎಂದರು ಯಜಮಾನರು.

"ಗೊತ್ತು. ಇನ್ನೊಂದು ಸಲ ಸ್ನಾನ ಮಾಡ್ಬೇಕು. ನೀವು ಆ ಹೊಸ್ತಿಲು ಕುಯ್ಸಿಬಿಡಿ. ಇವಳು ಬಿದ್ದಾಗ್ಲೆಲ್ಲ ತಣ್ಣೀರು ಸುರ್ಕೊಳ್ಳಕ್ಕೆ ನನ್ ಕೈಲಾಗಲ್ಲ."

ಮರಗೆಲಸದವನು ಬಂದು ಹೊಸ್ತಿಲನ್ನು ನೆಲದ ಸಮಕ್ಕೆ ಕುಯ್ದು ಹೋದ. ಆಕೆ ಮಾತ್ರ ಪ್ರತಿ ಶುಕ್ರವಾರ ಅಲ್ಲಿ ನೆಲಕ್ಕೇ ಅರಿಶಿನ ಹಚ್ಚುತ್ತಿದ್ದರು. ಲಕ್ಷ್ಮಿ ಸ್ವಲ್ಪ ಕೆಳಗೆ ಸರಿದು ಕೂತಿರಬೇಕು.

ನಾವಿದ್ದಷ್ಟು ಕಾಲ ಆ ವಠಾರಕ್ಕೆ ಬೆಂಕಿ ಬೀಳಲಿಲ್ಲ. ಆದರೆ ಹೊಸ್ತಿಲು ಕುಯ್ದ ಮರುದಿನ ಬೆಳಿಗ್ಗೆಯೇ ನಾನು ರೊಟ್ಟಿ ಬೇಯಿಸುತ್ತ, ಹೊತ್ತಾಯಿತೆಂದು ಅಕ್ಕನನ್ನು ಕೂಗಿದರೆ ಅವಳು ಮನೆಯಲ್ಲಿರಲಿಲ್ಲ. ಮುಂಬಾಗಿಲ ಮೆಟ್ಟಿಲ ಬಳಿಯೂ ಇರಲಿಲ್ಲ. ಹಿಂಬಾಗಿಲಿಗೆ ಓಡಿದೆ. ಚೀಲ ತಗುಲಿಸಿಕೊಂಡು, ಒಬ್ಬಳೇ, ಆಗಲೇ ಓಣಿಯ ತಿರುವಿನಲ್ಲಿದ್ದಳು. ಅವಳ ಎಡಗಾಲು ಧೂಳಿನಲ್ಲಿ ಎಳೆದ ಗೆರೆ ಬಾಗಿಲಿನಿಂದ ಅಲ್ಲಿಯವರೆಗೂ ಇತ್ತು. ಕೂಗಬೇಕೆಂದು ಬಾಯಿ ತೆರೆದವಳು ಕೂಗಲಿಲ್ಲ. ಅವಳು ತಿರುಗಿ ನೋಡಲೂ ಇಲ್ಲ. ಹೆಗಲಿಗೆ ಕೆಲಸವಿಲ್ಲದೆ ನಾನು ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ.

"ಏನೋ ಸೀದ ವಾಸ್ನೆ ಕಣೇ!" ಎಂದು ಒಳಗಿನಿಂದ ಯಜಮಾನರ ಹೆಂಡತಿ ಕೂಗಿದರು. ಸ್ಟೌ ಮೇಲೆ ನನ್ನ ರೊಟ್ಟಿ ಕರಿಯಾಗುತ್ತಿರುವುದು ವಠಾರಕ್ಕೆಲ್ಲ ಗೊತ್ತಾಗಿತ್ತು, ನನಗೊಬ್ಬಳಿಗೇ ಗೊತ್ತಾಗಿರಲಿಲ್ಲ.