ಅವ್ವನ ಹಾಳೆ ಬಿಟ್ಟ ಪುಸ್ತಕ

ಪುಸ್ತಕಕ್ಕೆ ಬೀಗ ಹಾಕಬಾರದು ಎಂದು ಭಾಷಣ ಮಾಡುವುದು ಸುಲಭ. ಆ ಪುಸ್ತಕ ನಮ್ಮದಲ್ಲದಿದ್ದರೆ ಇನ್ನೂ ಸುಲಭ. ಜಮಖಂಡಿಯಲ್ಲಿ ನಾವು ಕೆಲವು ಮಾಸ್ತರರು ಸೇರಿ, ಕಾಪಿರೈಟ್ ಕಾನೂನು ಸಡಿಲಾಗಲಿ, ಓದುವ ಪುಸ್ತಕ ಮೊಬೈಲಿನಿಂದ ಮೊಬೈಲಿಗೆ ಪುಕ್ಕಟೆ ಹರಿಯಲಿ ಎಂದು ಸಭೆ ಮಾಡುತ್ತೇವೆ, ಸಹಿ ಸಂಗ್ರಹಿಸುತ್ತೇವೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಖ ಕಂಡವನು ನಾನು. ಅದೂ ಬಸ್‌ಸ್ಟ್ಯಾಂಡ್ ಪಕ್ಕದ ದಸ್ತಗೀರಣ್ಣನ ಝೆರಾಕ್ಸ್ ಹಾಳೆ ಓದಿಯೇ. ಹಾಗಾಗಿ ಸಭೆಯಲ್ಲಿ ನನ್ನ ದನಿ ತುಸು ಜೋರು.

ಮೊನ್ನೆ ವಿದ್ಯಾರ್ಥಿನಿಯೊಬ್ಬಳು ವಾಟ್ಸಾಪಿನಲ್ಲಿ ಪಿಡಿಎಫ್ ಒಂದನ್ನು ಕಳಿಸಿದಳು. ‘ಸರ, ಭಾಳ ಛಲೋ ಬರದಾರ್ರಿ. ನೀವೂ ಓದ್ರಿ.’ ತೆರೆದರೆ ನಾನೇ ಬರೆದ ಅರ್ಥಶಾಸ್ತ್ರದ ಪುಸ್ತಕ! ಮುಖಪುಟ ಇಲ್ಲ, ನನ್ನ ಹೆಸರಿಲ್ಲ. ಅದನ್ನು ಹೇಗೋ ನುಂಗಿಕೊಂಡೆ. ಆದರೆ ಅವ್ವನಿಗೆ ಅರ್ಪಿಸಿದ್ದ ಹಾಳೆಯೂ ಇರಲಿಲ್ಲ. ಬನಹಟ್ಟಿಯಲ್ಲಿ ಸೀರೆ ನೇಯ್ದು ನನ್ನನ್ನು ಓದಿಸಿದವಳು ಅವಳು. ಇಡೀ ಪುಸ್ತಕದಲ್ಲಿ ನಾನು ಮನಸ್ಸಿಟ್ಟು ಬರೆದದ್ದು ಅದೊಂದೇ ಸಾಲು, ಉಳಿದದ್ದೆಲ್ಲ ಸಿಲೆಬಸ್.

ಅಷ್ಟರಲ್ಲಿ ಪ್ರಕಾಶಕರ ಫೋನು. ‘ಇದು ದಸ್ತಗೀರನ ಕೆಲಸಾರಿ. ಒಂದು ಸಹಿ ಹಾಕ್ರಿ, ಅಂಗಡಿ ಬಾಗಿಲಾ ಹಾಕಸ್ತೇವಿ.’ ದೂರಿನ ಕಾಗದವೂ ಬಂತು. ಮುಕ್ತ ಹಂಚಿಕೆಯ ಈ ಹೋರಾಟಗಾರ ಪೆನ್ನಿನ ಮುಚ್ಚಳ ತೆಗೆದೇಬಿಟ್ಟಿದ್ದ. ಆದರೂ ಕೈ ಓಡಲಿಲ್ಲ. ಕಾಗದ ಜೇಬಿಗಿಟ್ಟುಕೊಂಡು ಬನಹಟ್ಟಿಯ ಬಸ್ ಹತ್ತಿದೆ.

ಅವ್ವ ಎಲ್ಲ ಕೇಳಿಸಿಕೊಂಡಳು. ‘ನಕಲ ಮಾಡ್ಯಾನ, ಮಾಡ್ಲಿ ಬಿಡು. ಮೊದಲನೇದು ತಂದು ತೋರ್ಸಿಲ್ಲೇನು?’

ನಮ್ಮ ಓಣಿಯ ಪದ್ಧತಿ ಅದು. ಒಂದು ಮನೆಯ ಸೀರೆಯ ದಡಿ, ಅಂದರೆ ಅಂಚಿನ ಚಿತ್ತಾರ, ಚೆಂದ ಕಂಡರೆ ಪಕ್ಕದ ಮನೆಯವರು ನೋಡಿ ನೇಯುತ್ತಾರೆ. ಯಾರೂ ಅದನ್ನು ಕಳ್ಳತನ ಎನ್ನುವುದಿಲ್ಲ. ಆದರೆ ಮಗ್ಗದಿಂದ ಇಳಿದ ಮೊದಲ ಸೀರೆಯನ್ನು ದಡಿ ಹುಟ್ಟಿದ ಮನೆಗೆ ತರಬೇಕು. ಆ ಮನೆಯ ಹೆಂಗಸು ಅದರ ಅಂಚಿಗೆ ಕುಂಕುಮ ಹಚ್ಚಿ ಒಪ್ಪಿಗೆ ಕೊಡಬೇಕು. ತರದವರ ಮಾನ ಮರುದಿನ ನಳದ ಹತ್ತಿರ ಹರಾಜಾಗುತ್ತದೆ.

ಮರಳಿ ಬಂದವನೇ ನೆಟ್ಟಗೆ ಅಂಗಡಿಗೆ ಹೋದೆ. ‘ದಸ್ತಗೀರಣ್ಣ, ಅವ್ವನ ಹಾಳಿ ಯಾಕ ಬಿಟ್ಟಿ?’

‘ಅದು ಪರೀಕ್ಷಾದಾಗ ಬರೂದಿಲ್ಲಲ್ರಿ, ಸರ!’ ಎಂದ, ಮುಗ್ಧವಾಗಿ. ‘ಹುಡುಗೂರಿಗೆ ಯಾಕ ಸುಮ್ನ ಒಂದ್ ಹಾಳಿ ಜಾಸ್ತಿ ಅಂತ...’

ನಗು ಬಂತು. ಓಣಿಯ ಪದ್ಧತಿ ಹೇಳಿದೆ. ಅವನ ಮುಖ ಸಪ್ಪಗಾಯಿತು. ‘ತಾಯಿ ಹಾಳಿ ಬಿಟ್ಟಿದ್ದು ಖರೇನ ತಪ್ಪಾತ್ರಿ. ನಾನ ಹೋಗಿ ಕೊಟ್ಟ ಬರ್ತೇನಿ.’

ಶುಕ್ರವಾರ ನಮಾಜು ಮುಗಿಸಿ, ಅವ್ವನ ಹಾಳೆಯನ್ನೇ ಎಲ್ಲಕ್ಕಿಂತ ಮೇಲಿಟ್ಟ ಹೊಸ ಪ್ರತಿಯೊಂದಿಗೆ ಬೈಕಿನಲ್ಲಿ ಬನಹಟ್ಟಿಗೆ ಹೋದನಂತೆ. ಅವ್ವ ಓದು ಬಾರದವಳು. ‘ನನ್ನ ಹೆಸರು ಎಲ್ಲೈತಿ, ತೋರ್ಸಪಾ’ ಎಂದು ಕೇಳಿ, ಅದರ ಪಕ್ಕದಲ್ಲೇ ಹೆಬ್ಬೆರಳಿನಿಂದ ಕುಂಕುಮ ಒತ್ತಿದಳಂತೆ. ಚಹಾ ಕುಡಿಸದೆ ಬಿಡಲಿಲ್ಲವಂತೆ.

ದಸ್ತಗೀರಣ್ಣ ಆ ಪ್ರತಿಯನ್ನೇ ಸ್ಕ್ಯಾನ್ ಮಾಡಿದ. ಈಗ ಸಾವಳಗಿ, ಹುನ್ನೂರಿನ ಮಕ್ಕಳ ಮೊಬೈಲಿನಲ್ಲೆಲ್ಲ ಅದೇ ಓಡಾಡುತ್ತಿದೆ. ಝೆರಾಕ್ಸ್ ಮಾಡಿಸಿದರೆ ಕುಂಕುಮ ಕಪ್ಪಾಗಿ ಬರುತ್ತದೆ. ‘ಸರ, ಮೊದಲನೇ ಹಾಳಿಗೆ ಏನೋ ಕಲಿ ಆಗೇತ್ರಿ’ ಎನ್ನುತ್ತಾರೆ ಹುಡುಗರು.

ಪ್ರಕಾಶಕರ ಕಾಗದ ಇನ್ನೂ ನನ್ನ ಜೇಬಿನಲ್ಲೇ ಇದೆ. ಮತ್ತೆ ಫೋನು ಬಂದರೆ ಹೇಳಬೇಕೆಂದಿದ್ದೇನೆ: ಸಹಿ ಆಗಿದೆ, ನಮ್ಮ ಮನೆಯ ಹಿರಿಯರೇ ಮಾಡಿದ್ದಾರೆ.