ದ್ವೀಪದ ಪತಂಗವೂ ನನ್ನ ಚಡಪಡಿಕೆಯೂ

ಕೂತಲ್ಲಿ ಕೂರುವ ಪುಣ್ಯ ನನ್ನ ಹಣೆಯಲ್ಲಿ ಬರೆದಿಲ್ಲ. ಎರಡು ವಾರ ಸಮುದ್ರದ ನಡುವಿನ ದ್ವೀಪದಲ್ಲಿ ಕಚ್ಚಾತೈಲದ ಪಂಪು ನೋಡಿಕೊಳ್ಳುವುದು, ಎರಡು ವಾರ ದೋಹಾದ ಅಲ್ ಮುಂತಜಾ ಬಡಾವಣೆಯ ಮನೆಯಲ್ಲಿ ರಜೆ. ಇದು ನನ್ನ ನೌಕರಿ. ಅಲ್ಲಿದ್ದಾಗ ಮನೆಯ ಧ್ಯಾನ. ಮನೆಗೆ ಬಂದು ಮೂರು ದಿನ ಕಳೆಯಿತೋ, ಕೈ ಸುಮ್ಮನಿರುವುದಿಲ್ಲ. ಅಡುಗೆಮನೆ ಹೊಕ್ಕು ಹೆಂಡತಿ ಗಿರಿಜಾಳ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸುತ್ತೇನೆ. ಅವಳು ಸಾಸಿವೆ ಹುಡುಕುತ್ತ ನನ್ನ ಏಳು ತಲೆಮಾರನ್ನು ನೆನೆಯುತ್ತಾಳೆ.

ದ್ವೀಪದಲ್ಲಿ ನನ್ನ ಕೋಣೆಯ ಹೊರಗೊಂದು ಬಡಕಲು ಜಾಲಿಗಿಡ. ಅದರ ಮೇಲೊಂದು ಹುಳು. ಕಡ್ಡಿಚೂರುಗಳನ್ನು ತನ್ನದೇ ರೇಷ್ಮೆಯೆಳೆಯಿಂದ ಹೊಲಿದು ಚೀಲ ಮಾಡಿಕೊಂಡು, ತಲೆಯಷ್ಟನ್ನೇ ಹೊರಗೆ ಹಾಕಿ ಎಲೆ ಮೇಯುತ್ತ, ಮನೆಯನ್ನೇ ಎಳೆದುಕೊಂಡು ಓಡಾಡುತ್ತದೆ. ದ್ವೀಪದಲ್ಲಿ ನಾವೆಲ್ಲ ಬ್ಯಾಗು ಹೊತ್ತು ಬಂದವರು. ಬ್ಯಾಗು ಹೊತ್ತೂ ಅಲ್ಲಿಯವನೇ ಆಗಿರುವವನು ಇವನೊಬ್ಬ. ವೀಸಾ ಇಲ್ಲ, ಮೆಡಿಕಲ್ ತಪಾಸಣೆ ಇಲ್ಲ, ಯಾರ ಹಂಗೂ ಇಲ್ಲ.

ಕುತೂಹಲಕ್ಕೆ ಓದಿದೆ. ಈ ಕುಲದಲ್ಲಿ ಗಂಡಿಗೆ ರೆಕ್ಕೆ ಮೂಡಿ ಅದು ಪತಂಗವಾಗಿ ಹಾರುತ್ತದಂತೆ. ಆದರೆ ಉಣ್ಣುವ ಬಾಯಿಯೇ ಇಲ್ಲ. ಇರುವ ನಾಲ್ಕು ದಿನವೂ ಬರೀ ಅಲೆದಾಟ. ಹೆಣ್ಣು ಬಹುಪಾಲು ರೆಕ್ಕೆಯಿಲ್ಲದೆ ಚೀಲದಲ್ಲೇ ಉಳಿದು, ವಾಸನೆ ಬಿಟ್ಟು ಅವನನ್ನು ಕರೆಯುತ್ತದೆ. ಇದು ನನ್ನ ಸಂಸಾರದ ಚರಿತ್ರೆಯೇ ಎನಿಸಿತು. ರಜೆ ಹತ್ತಿರವಾದಾಗ ಗಿರಿಜಾ ರೊಟ್ಟಿಗೆ ನಂಜಿಕೊಳ್ಳುವ ಶೇಂಗಾ ಹಿಂಡಿ ಕುಟ್ಟಿ, ಅದರ ಫೋಟೋ ವಾಟ್ಸಾಪಿಗೆ ಕಳಿಸುತ್ತಾಳೆ, ನಾನು ಹೆಲಿಕಾಪ್ಟರ್ ಹತ್ತುತ್ತೇನೆ. ಬಾಯಿಯ ವಿಷಯದಲ್ಲಿ ಮಾತ್ರ ಹೋಲಿಕೆ ಕೂಡುವುದಿಲ್ಲ.

ಇದನ್ನು ಓದಿದ ಸಲ ರಜೆಗೆ ಬರುವಾಗ ಒಂದು ಪ್ರಶ್ನೆಯೂ ಜೊತೆಗೆ ಬಂತು. ದೋಹಾ ಆಫೀಸಿನಲ್ಲಿ ಒಂದು ಕುರ್ಚಿ ಖಾಲಿಯಾಗಿದೆ, ಬೇಕೋ ಬೇಡವೋ ಭಾನುವಾರ ಹೇಳು ಎಂದಿದ್ದರು ಮೇಲಧಿಕಾರಿಗಳು. ಒಪ್ಪಿದರೆ ದ್ವೀಪ ಖಲಾಸ್. ದಿನವೂ ಇಸ್ತ್ರಿ ಅಂಗಿ, ದಿನವೂ ಟ್ರಾಫಿಕ್ಕು. ಅಯ್ಯೋ, ನೆನೆದರೇ ಉಸಿರು ಕಟ್ಟುತ್ತಿತ್ತು! ಬೇಡ ಎನ್ನಲು ನೆಪ ಬೇಕಿತ್ತು, ಪತಂಗ ಸಿಕ್ಕಿತು.

ಶುಕ್ರವಾರ ಅಡುಗೆಮನೆಯಲ್ಲೇ ಊಟಕ್ಕೆ ಕೂತು, ಕುರ್ಚಿಯ ಸುದ್ದಿ ಹೇಳಿ, ಬೆನ್ನಿಗೇ ಪತಂಗದ ಕಥೆಯನ್ನೂ ಹೇಳಿದೆ.

"ನೋಡು ಗಿರಿಜಾ, ಸೃಷ್ಟಿಯೊಳಗ ಹಿಂಗ ಐತಿ. ಗಂಡು ಹಾರಬೇಕು, ಹೆಣ್ಣು ಆರಾಮ ಕುಂದರಬೇಕು."

ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

"ಆರಾಮ ಕುಂತಾಳ ಅಂತ ಯಾರ್ ಹೇಳ್ಯಾರ್ರೀ? ಗಾಳಿ ಎದ್ದ ದಿನ ನೀವು ಆ ಹೆಲಿಕಾಪ್ಟರ್‌ನ್ಯಾಗ ಇದ್ರ, ನಾ ಪಡಸಾಲಿಯಿಂದ ಅಡಿಗಿಮನಿಗೆ, ಅಡಿಗಿಮನಿಯಿಂದ ಪಡಸಾಲಿಗೆ ತಿರಗಿ ತಿರಗಿ ಕಾಲು ಸೋತು ಹೋಗ್ತಾವ. ರೆಕ್ಕಿ ಇಲ್ಲಂದ್ರ ಜೀವ ಹಾರೂದಿಲ್ಲೇನು?"

ಚಡಪಡಿಕೆ ನನ್ನೊಬ್ಬನ ಸೊತ್ತು ಎಂದುಕೊಂಡು ಮೆರೆದಿದ್ದೆನಲ್ಲ! ಅವಳ ಮೇಲೆ ಅಂಥ ಪ್ರೀತಿ ಮದುವೆಯಾದ ಹೊಸತರಲ್ಲೂ ಉಕ್ಕಿರಲಿಲ್ಲ. ಭಾನುವಾರ ಬೆಳಿಗ್ಗೆಯೇ ಫೋನ್ ಮಾಡಿ ಕುರ್ಚಿಗೆ ಹೂಂ ಅಂದೆ.

ಈಗ ಗಾಳಿ ಎಷ್ಟೇ ಬೀಸಲಿ, ಗಿರಿಜಾ ಗೊರಕೆ ಹೊಡೆಯುತ್ತಾಳೆ. ನನ್ನ ಕಾಲು ಮಾತ್ರ ನಿಂತಿಲ್ಲ. ಆಫೀಸಿನಿಂದ ಬಂದವನೇ ಸೋಫಾದಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಮೊನ್ನೆ ಸಂಜೆ ನೋಡುವಷ್ಟು ನೋಡಿ, ಅವಳು ಸೆರಗು ಸರಿಮಾಡಿಕೊಂಡು ಎದ್ದಳು.

"ಅಡ್ಡಾಡೂದ ಆದ್ರ ಒಬ್ರೇ ಯಾಕ ಅಡ್ಡಾಡ್ತೀರಿ? ಇಷ್ಟ್ ವರ್ಷ ಆತು, ನಾ ಈ ಊರು ನೋಡಬೇಕು. ಯಲ್ಲಾ, ನಡೀರಿ, ಚಪ್ಪಲಿ ಹಾಕ್ಕೋರಿ."