ಕುರಿಮಂದೆಯಲ್ಲಿ ಸಿಕ್ಕ ಇಮೇಲ್‌ಗಳು

ನಮ್ಮ ಮನೆಯ ಟ್ಯಾಬ್ಲೆಟ್ಟು ಇರುವುದು ಅಡುಗೆಮನೆಯ ಕಟ್ಟೆಯ ಮೇಲೆ, ರಾಗಿಹಿಟ್ಟಿನ ಡಬ್ಬಕ್ಕೆ ಬೆನ್ನು ಕೊಟ್ಟುಕೊಂಡು. ಹೈಸ್ಕೂಲಿನಲ್ಲಿ ನನ್ನ ಕೊನೆಯ ಪಾಠ ಮುಗಿದ ದಿನ ಜೊತೆಯ ಮೇಷ್ಟರುಗಳೆಲ್ಲ ಸೇರಿ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಮತ್ತು ಈ ಟ್ಯಾಬ್ಲೆಟ್ಟನ್ನು ಕೊಟ್ಟು ಚಿತ್ರದುರ್ಗದ ಮನೆಗೆ ಕಳಿಸಿದರು. ಶಾಲು ಟ್ರಂಕು ಸೇರಿತು, ಹಣ್ಣು ಹೊಟ್ಟೆ ಸೇರಿತು, ತನ್ನ ಜಾಗ ಯಾವುದೆಂದು ತಿಳಿಯದ ಈ ಮೂರನೆಯದು ಕೆಲವು ದಿನ ದೇವರಮನೆ, ಟೀವಿ ಮೇಜು, ಮಂಚದ ತಲೆದೆಸೆ ಎಲ್ಲ ಸುತ್ತಿ ಕೊನೆಗೆ ಅಡುಗೆಮನೆಗೆ ಬಂದು ನೆಲೆನಿಂತಿತು. ನೀವು ನಗುತ್ತೀರಿ, ಗೊತ್ತು. ಆದರೆ ನನ್ನ ವಯಸ್ಸಿನ ಹೆಂಗಸು ದಿನದಲ್ಲಿ ಹೆಚ್ಚು ಹೊತ್ತು ಇರುವ ಜಾಗದಲ್ಲೇ ಅವಳ ಅಂಚೆಪೆಟ್ಟಿಗೆಯೂ ಇರುವುದು ನ್ಯಾಯವಲ್ಲವೇ?

ಅಂಚೆಪೆಟ್ಟಿಗೆ ಎಂದೆ. ನಿಜ ಹೇಳಬೇಕೆಂದರೆ ಆ ಪೆಟ್ಟಿಗೆಗೆ ಮನಸ್ಸಿಟ್ಟು ಬರೆಯುತ್ತಿದ್ದವಳು ಒಬ್ಬಳೇ, ನಮ್ಮ ದೊಡ್ಡಕ್ಕ. ಹೊಸದುರ್ಗದಲ್ಲಿದ್ದಾಳೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು, ತಾಯಂದಿರಿಗೆ ಗದರಿಕೆ ಹಂಚಿಕೊಂಡು ಬಂದವಳು. ನಾವು ಕುರಿ ಕಾಯುವ ಮನೆತನದವರು, ಜವನಗೊಂಡನಹಳ್ಳಿಯ ಕಡೆಯವರು. ಚಿಕ್ಕಂದಿನಲ್ಲಿ ಅವಳು ಹಳ್ಳದ ಈ ದಡದಲ್ಲಿ ನಿಂತು ಕೂಗಿದರೆ ಆ ದಡದ ಕುರಿ ಮೇವು ಬಿಟ್ಟು ಕತ್ತೆತ್ತುತ್ತಿತ್ತು. ಅಂಥ ಗಂಟಲಿಗೇ ಗಂಟು ಬಂತು. ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಉಳಿಯಲಿಲ್ಲ. ಅವಳ ಬಾಯಿಂದ ಈಗ ಬರುವುದು ಉಸಿರಿನ ಸದ್ದು ಮಾತ್ರ.

ಮಾತು ಹೋದವಳು ಸುಮ್ಮನಾಗುತ್ತಾಳೆ ಅಂತ ನಾವೆಲ್ಲ ಹೆದರಿದ್ದೆವು. ಅವಳು ಸುಮ್ಮನಾಗುವ ಪೈಕಿಯೇ? ವಾಟ್ಸಪ್ಪಿನಲ್ಲಿ ಶುಭೋದಯದ ಗುಲಾಬಿಗಳ ನಡುವೆ ತನ್ನ ಮಾತು ಬಾಡಿಹೋಗುತ್ತದೆಂದು ಸಿಟ್ಟಾಗಿ, ನನಗೆ ಇಮೇಲ್ ಬರೆಯಲು ಕುಳಿತಳು. ಕನ್ನಡದಲ್ಲಿ, ಅದೂ ನಮ್ಮೂರ ಕನ್ನಡದಲ್ಲಿ, ಬಾಯಲ್ಲಿ ಹೇಗೆ ಬರುತ್ತಿತ್ತೋ ಹಾಗೇ, ಪೂರ್ಣವಿರಾಮದ ಹಂಗಿಲ್ಲದೆ ಹರಿಯುವ ಮೇಲ್‌ಗಳು. ಪಕ್ಕದ ಮನೆಯ ನಲ್ಲಿಜಗಳ, ತೆಂಗಿನಮರಕ್ಕೆ ಬಂದ ಹುಳ, ಡಾಕ್ಟರು ಅಂದದ್ದು, ತಾನು ಅನ್ನಬೇಕೆಂದಿದ್ದು, ಎಲ್ಲವೂ. ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ನಾನು ಅವನ್ನು ಓದುತ್ತಿದ್ದೆ. ಓದುವಾಗ ಆ ಹಳೆಯ ಗಂಟಲು ನನ್ನ ಕಿವಿಯಲ್ಲಿ ಏಳುತ್ತಿತ್ತು, ಅದೇ ಏರು, ಅದೇ ಗದರು.

ಇನ್ನು ಅನಾಹುತ ಮಾಡಿದ ಆ ಅಪ್‌ಡೇಟು. ‘ಹೊಸದಾಗಲೇ?’ ಎಂದು ಟ್ಯಾಬ್ಲೆಟ್ಟು ದಿನವೂ ಕೇಳುತ್ತಿತ್ತು, ‘ಆಮೇಲೆ’ ಎಂದು ನಾನೂ ದಿನವೂ ಸಾಗಹಾಕುತ್ತಿದ್ದೆ. ಒಂದು ಬೆಳಿಗ್ಗೆ ಹಿಟ್ಟಿನ ಬೆರಳು ಜಾರಿ ‘ಈಗಲೇ’ ಎಂಬುದರ ಮೇಲೆ ಬಿತ್ತು. ಪರದೆ ಕಪ್ಪಾಯಿತು, ಒಂದು ಚಕ್ರ ತಿರುಗಿತು, ರೊಟ್ಟಿ ಸೀದಿತು. ಟ್ಯಾಬ್ಲೆಟ್ಟು ಕಣ್ಣು ಬಿಟ್ಟಾಗ ಬಣ್ಣ ಬದಲಾಗಿತ್ತು, ಅಕ್ಷರ ದುಂಡಗಾಗಿತ್ತು, ಅಂಚೆಪೆಟ್ಟಿಗೆ ಮಾತ್ರ ಗುಡಿಸಿ ಸಾರಿಸಿದ ಅಂಗಳದಂತೆ ಖಾಲಿಯಾಗಿತ್ತು. ‘ನೀವು ಯಾರು?’ ಎಂದು ಬೇರೆ ಕೇಳಿತು. ಇಷ್ಟು ವರ್ಷ ನನ್ನ ಮನೆಯ ಹಿಟ್ಟು ಮೆತ್ತಿಕೊಂಡಿದ್ದು ನೀನು ಯಾರು ಅಂದರೆ ಹೇಗಾಗಬೇಡ!

ಪಾಸ್‌ವರ್ಡ್ ನನಗೆ ನೆನಪಿರಲಿಲ್ಲ. ಅದನ್ನು ನೆನಪಿಡುವ ಕೆಲಸವನ್ನು ಟ್ಯಾಬ್ಲೆಟ್ಟಿಗೇ ಒಪ್ಪಿಸಿ ನಿಶ್ಚಿಂತಳಾಗಿದ್ದೆ. ಕಳಿಸಿದ್ದನ್ನೇ ಮತ್ತೆ ಕಳಿಸು ಅಂತ ದೊಡ್ಡಕ್ಕನನ್ನೇ ಕೇಳಬಹುದಿತ್ತಲ್ಲ ಅನ್ನುತ್ತೀರಿ. ನನ್ನ ಫೋನಿನಿಂದ ಮೆಸೇಜು ಹಾಕಿ ಕೇಳಿದೆ. ಅವಳು ಕಳಿಸಿದ ಕೂಡಲೇ ತನ್ನ ಕಡೆಯದನ್ನು ಅಳಿಸಿಬಿಡುವವಳಂತೆ. ‘ಆಡಿದ ಮಾತ್ನ ಯಾರಾರ ಬಾಯಾಗೆ ಇಟ್ಕಂತಾರೇನೇ?’ ಎಂದು ತಿರುಗಿ ಬರೆದಳು. ಅವಳ ದನಿಯನ್ನು ನಾವು ಒಮ್ಮೆ ಕಳೆದುಕೊಂಡಿದ್ದೆವು, ಈಗ ಎರಡನೆಯ ಸಲ ಹೋಯಿತಲ್ಲ, ಅದೂ ನನ್ನ ಬೆರಳಿನಿಂದ ಅನ್ನಿಸಿ ಅಡುಗೆಮನೆಯಲ್ಲೇ ಕುಳಿತು ಅತ್ತೆ.

ಅತ್ತಾದ ಮೇಲೆ, ಮೇಷ್ಟರಗಿತ್ತಿಯ ಬುದ್ಧಿ ನೋಡಿ, ಕುತೂಹಲ ಹುಟ್ಟಿತು. ಇಮೇಲ್ ಎಂಬುದು ನಿಜಕ್ಕೂ ಎಲ್ಲಿರುತ್ತದೆ? ಈ ಗಾಜಿನ ಹಿಂದೆಯೇ? ಗಾಜಿನ ಹಿಂದೆ ಇದ್ದಿದ್ದರೆ ಇಷ್ಟು ಮಾತು ತುಂಬಿಕೊಂಡ ಮೇಲೆ ಒಂದಿಷ್ಟಾದರೂ ತೂಕ ಹೆಚ್ಚಬೇಡವೇ? ಮೊಬೈಲ್ ಅಂಗಡಿಯ ಹುಡುಗಿ ಹೇಳಿದ ಪ್ರಕಾರ ಅವು ಇಲ್ಲಿ ಇರಲೇ ಇಲ್ಲ, ಎಲ್ಲೋ ದೂರದ ಯಂತ್ರಗಳಲ್ಲಿದ್ದವು, ಈಗಲೂ ಇವೆ, ನಾನು ನೋಡುತ್ತಿದ್ದದ್ದು ಕಿಟಕಿಯಿಂದ. “ಮೇಡಂ, ಏನೂ ಹೋಗಿಲ್ರಿ. ಬಾಗ್ಲು ಹಾಕೈತೆ ಅಷ್ಟೆ,” ಅಂದಳು. ಆ ಮಾತು ಮನೆಯವರೆಗೂ ನನ್ನ ಜೊತೆ ನಡೆದು ಬಂತು. ಇಲ್ಲದಿರುವುದಕ್ಕೂ ಕಾಣದಿರುವುದಕ್ಕೂ ನಡುವೆ ಎಷ್ಟು ಅಂತರ! ಬದುಕಿನಲ್ಲಿ ಹೋಯಿತು ಹೋಯಿತು ಎಂದು ನಾವು ಬಾಯಿ ಬಡಿದುಕೊಂಡದ್ದರಲ್ಲಿ ಎಷ್ಟು ನಿಜಕ್ಕೂ ಹೋಗಿತ್ತು, ಎಷ್ಟರ ಬಾಗಿಲು ಮಾತ್ರ ಮುಚ್ಚಿತ್ತು? ಈ ಪ್ರಶ್ನೆ ಕೇಳಿಕೊಂಡ ಮೇಲೆ ಮತ್ತೆ ಅಳು ಬರಲಿಲ್ಲ.

ಬಾಗಿಲು ತೆರೆಯಲು ಒಂದು ಓಟಿಪಿ ಬೇಕು, ಅದು ಖಾತೆ ತೆರೆದಾಗ ಕೊಟ್ಟಿದ್ದ ಫೋನ್ ನಂಬರಿಗೇ ಬರುತ್ತದೆ. ಆ ನಂಬರು ನನ್ನದಲ್ಲ. ನಮ್ಮ ಮನೆಯಲ್ಲಿ ಯಾವ ಕಂಪನಿ ಆಫರು ಕೊಟ್ಟರೂ ಸಿಮ್ ಬದಲಿಸುವುದೇ ಒಂದು ಕಸುಬಾಗಿದ್ದ ಕಾಲವದು. ಇಡೀ ಬಳಗದಲ್ಲಿ ನಂಬರು ಬದಲಿಸದವನು ತಮ್ಮ ಕರಿಯಣ್ಣ ಒಬ್ಬನೇ. ಕುರಿಮಂದೆ ಹೊಡೆದುಕೊಂಡು ಊರೂರು ತಿರುಗುವವನ ನಂಬರು ನೆಲೆಯಾಗಿತ್ತು, ನೆಲೆಯಾಗಿ ಕುಳಿತ ನಮ್ಮ ನಂಬರುಗಳು ಊರೂರು ತಿರುಗುತ್ತಿದ್ದವು. ಹಾಗಾಗಿ ಅವನದನ್ನೇ ಕೊಟ್ಟಿದ್ದೆ. ಅವನು ಓದಲಿಲ್ಲ, ನಮ್ಮಿಬ್ಬರ ಓದಿಗಾಗಿ ಕುರಿ ಅವನ ಪಾಲಿಗೆ ಬಂದವು. ಅಂಕೆ ಗುರುತಿಸುತ್ತಾನೆ, ಅಕ್ಷರ ಬಾರದು.

ಫೋನ್ ಮಾಡಿ ಹೇಳಿದೆ, ಕಾದ. ಓಟಿಪಿ ಬರಲಿಲ್ಲ. ಮತ್ತೆ ಕಳಿಸಿದೆ, ಬರಲಿಲ್ಲ. ಮರುದಿನ ಟ್ಯಾಬ್ಲೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಹಿರಿಯೂರಿನಲ್ಲಿ ಬಸ್ಸು ಬದಲಿಸಿ, ಅವನ ಮಂದೆ ಇದ್ದ ಹರಿಯಬ್ಬೆಯ ಕಡೆ ಹೊರಟೆ. ಶೇಂಗಾ ಕಿತ್ತ ಹೊಲಗಳಲ್ಲಿ ಗೊಬ್ಬರಕ್ಕಾಗಿ ರೈತರು ಮಂದೆ ಕರೆಸಿ ರಾತ್ರಿ ಕೂಡಿಸಿಕೊಳ್ಳುವ ಕಾಲ. ಇಂದು ಈ ಹೊಲ, ನಾಳೆ ಆ ಹೊಲ. ಇಮೇಲ್ ಹುಡುಕಿಕೊಂಡು ಕುರಿಯ ಹೆಜ್ಜೆ ಹಿಡಿದು ನಡೆದವರು ಜಗತ್ತಿನಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದುಕೊಂಡು, ಬದುವಿನ ಮೇಲೆ ಒಬ್ಬಳೇ ನಕ್ಕೆ.

ಮಂದೆ ಜೊತೆಗಾರರೊಂದಿಗೆ ಮೇಯಲು ಹೋಗಿತ್ತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಬಲೆ ಕಟ್ಟಿದ ಪುಟ್ಟ ರೊಪ್ಪದಲ್ಲಿ ಕೂಡಿಹಾಕಿದ ಮರಿಗಳನ್ನು ಕಾಯುತ್ತಾ ಕರಿಯಣ್ಣ ಕುಳಿತಿದ್ದ.

“ಬಾ ಸಣ್ಣಕ್ಕ, ಕುಂತ್ಕ. ಆ ಓಟಿಪಿ ಬಂದೇ ಇಲ್ಲ ನೋಡು. ನಿನ್ನೆಯಿಂದ ಫೋನ್ ಅಂಗೈಯಾಗೇ ಇಟ್ಕಂಡೀನಿ.”

ರೊಪ್ಪದ ಪಕ್ಕದಲ್ಲೇ ಸಿಗ್ನಲ್ ಸಿಗುವ ದಿಬ್ಬಕ್ಕೆ ಇಬ್ಬರೂ ಹತ್ತಿದೆವು, ಅವನ ಗುಂಡಿ ಫೋನನ್ನು ತೆರೆದು ನೋಡಿದೆ. ಮೆಸೇಜಿನ ಪೆಟ್ಟಿಗೆ ಕತ್ತಿನವರೆಗೂ ತುಂಬಿತ್ತು, ಒಂದನ್ನೂ ತೆರೆದಿರಲಿಲ್ಲ. ಹೊಸದು ಬರಲು ಜಾಗವೇ ಇಲ್ಲ.

“ಲೇ ಕರಿಯ, ಇದು ತುಂಬಿ ಕುಂತೈತಲ್ಲೋ. ಎಲ್ಲಾ ಅಳಿಸ್ತೀನಿ ತಡಿ.”

ಅವನು ನನ್ನ ಕೈ ಹಿಡಿದ. “ಬ್ಯಾಡ ಸಣ್ಣಕ್ಕ. ಅದ್ರಾಗೆ ದೊಡ್ಡಕ್ಕನದು ಏನಾರ ಇದ್ರೆ?”

ದೊಡ್ಡಕ್ಕ ಈಗ ಮಾತಾಡುವುದು ಅಕ್ಷರದಲ್ಲಿ ಎಂದು ನಾನೇ ಅವನಿಗೆ ಹೇಳಿದ್ದೆ. ಆಪರೇಷನ್ ಆದ ಮೇಲೆ ಅವನು ಹೊಸದುರ್ಗಕ್ಕೆ ಹೋಗಿ ಬಂದಿದ್ದ. ಅವಳು ಕೈಸನ್ನೆ ಮಾಡಿದಳಂತೆ, ಸ್ಲೇಟಿನಲ್ಲಿ ಬರೆದು ತೋರಿಸಿದಳಂತೆ, ಇವನಿಗೆ ತಿಳಿಯಲಿಲ್ಲ, ಇಬ್ಬರೂ ಅತ್ತುಕೊಂಡು ಎದ್ದರಂತೆ. ಆಮೇಲೆ ಇವನು ಅತ್ತ ಹೋಗಲಿಲ್ಲ. ಅಕ್ಕ ಎಂದಾದರೂ ಫೋನಿಗೆ ಬರೆದಾಳು ಎಂದು, ಟಿಣ್ ಎಂದು ಬಂದದ್ದನ್ನೆಲ್ಲ ಒಂದೂ ಅಳಿಸದೆ ಕೂಡಿಟ್ಟುಕೊಂಡಿದ್ದ.

“ಯಾರ ಕೈಲಾದ್ರೂ ಓದಿಸಬಾರದಿತ್ತೇನೋ?”

“ಮನೆ ಮಾತ್ನ ಕಂಡೋರ ಕೈಲಿ ಓದಿಸಾದಾ?” ಅಂದ.

ಹಾಗಾಗಿ ಒಂದೊಂದನ್ನೂ ತೆರೆದು ಅವನಿಗೆ ಓದಿ ಹೇಳಿಯೇ ಅಳಿಸಿದೆ. ಇದು ರೀಚಾರ್ಜಿನದು. ಇದು ಹಾಡಿನದು. ಇದು ನಿನಗೆ ಕಾರು ಬಂದಿದೆ ಅನ್ನುವ ಸುಳ್ಳಿನದು. ಪ್ರತಿ ಸಲವೂ ಅವನು “ಹೂಂ, ತೆಗಿ” ಅನ್ನುತ್ತಿದ್ದ, ಆ ಹೂಂ ಸಣ್ಣದಾಗುತ್ತಾ ಹೋಯಿತು. ಪೆಟ್ಟಿಗೆ ಖಾಲಿಯಾಯಿತು. ಒಂದೂ ದೊಡ್ಡಕ್ಕನದಲ್ಲ. ಅವನಿಗೆ ಓದು ಬಾರದೆಂದು ಅವಳು ಕಳಿಸಿರಲೇ ಇಲ್ಲ.

“ಹಂಗಾರೆ ಅಕ್ಕಗೆ ನನ್ ಮ್ಯಾಲೆ ಬೇಜಾರೇ ಐತೆ ಬಿಡು,” ಎಂದು ಮರಿಗಳ ಕಡೆ ನೋಡಿದ.

ಇಲ್ಲ ಕಣೋ, ಅವಳ ಮೇಲ್‌ಗಳಲ್ಲಿ ನೀನಿಲ್ಲದ್ದು ಅಪರೂಪ ಎಂದು ಹೇಳಿದೆ. ಅದು ಬರೀ ಸಮಾಧಾನದ ಮಾತಿನಂತೆ ಕೇಳಿತೆಂದು ಅವನ ಮುಖವೇ ಹೇಳಿತು. ನಾನು ಅವನಿಗೆ ಫೋನಿನಲ್ಲಿ ‘ದೊಡ್ಡಕ್ಕ ನಿನ್ನ ಕೇಳಿದಳು’ ಎಂದಷ್ಟೇ ದಾಟಿಸುತ್ತಿದ್ದೆ. ಬಾಯಿತುಂಬ ಮಾತನ್ನು ಒಂದು ಸಾಲಿಗೆ ಇಳಿಸುವುದು ಮೇಷ್ಟರುಗಳಿಗೆ ರೂಢಿಯಾದ ಕೆಲಸ. ಸಾರಾಂಶದಲ್ಲಿ ಸುದ್ದಿ ಉಳಿಯುತ್ತದೆ, ದನಿ ಸೋಸಿ ಹೋಗುತ್ತದೆ ಎಂಬುದು ಆ ದಿಬ್ಬದ ಮೇಲೆ ನಿಂತಾಗ ನನಗೆ ಹೊಳೆಯಿತು. ಬೆಳಿಗ್ಗೆ ನನ್ನ ಮೇಲ್‌ಗಳೆಂದುಕೊಂಡು ಬಸ್ಸು ಹತ್ತಿದವಳಿಗೆ, ಅವು ಸಿಗದಿದ್ದರೆ ನನಗಿಂತ ಹೆಚ್ಚು ಕಳೆದುಕೊಳ್ಳುವವನು ಎದುರಿಗೇ ಕುಳಿತಿದ್ದಾನೆ ಅನ್ನಿಸಿತು. ನನ್ನ ಫೋನಿನ ನೆಟ್ಟಿಗೆ ಜೋಡಿಸಿದ ಟ್ಯಾಬ್ಲೆಟ್ಟಿನಲ್ಲಿ ಓಟಿಪಿ ಕಳಿಸು ಎಂದು ಮತ್ತೆ ಒತ್ತಿದೆ.

ಗುಂಡಿ ಫೋನು ಟಿಣ್ ಎಂದಿತು. ಅಂಕೆಗಳನ್ನು ಕರಿಯಣ್ಣನೇ ಒಂದೊಂದಾಗಿ, ಪ್ರತಿಯೊಂದರ ಮೇಲೂ ಬೆರಳಿಟ್ಟು ಹೇಳಿದ, ನಾನು ಒತ್ತಿದೆ. ಚಕ್ರ ತಿರುಗಿತು. ತಿರುಗಿತು. ಆಮೇಲೆ ಸಂಜೆ ರೊಪ್ಪದ ಬಾಗಿಲು ತೆಗೆದಾಗ ಕುರಿಗಳು ನುಗ್ಗುತ್ತವಲ್ಲ, ಹಾಗೆ ಒಂದರ ಹಿಂದೊಂದು ಬಂದವು, ಎಲ್ಲವೂ, ನಲ್ಲಿಜಗಳ, ತೆಂಗಿನಹುಳ, ಡಾಕ್ಟರು, ಎಲ್ಲ. ನನಗೆ ಅಳು ನಗು ಎರಡೂ ಬಂತು. ಕರಿಯಣ್ಣ ಪರದೆಯ ಮೇಲಿನ ಸಾಲುಗಳನ್ನು ಕಣ್ಣು ಕಿರಿದು ಮಾಡಿ ನೋಡಿದ.

“ಓದು ಸಣ್ಣಕ್ಕ, ಕೇಳಾಣ.”

ಯಾವುದನ್ನು ಓದಲಿ? ಕೈಗೆ ಸಿಕ್ಕ ಒಂದನ್ನು ತೆರೆದೆ. ಮಳೆಗಾಲದಲ್ಲಿ ಬರೆದದ್ದು. ಪಾಠ ಓದುವ ನನ್ನ ದನಿ ಅದಕ್ಕೆ ಒಗ್ಗಲಿಲ್ಲ, ಎರಡನೆಯ ಸಾಲಿಗೆಲ್ಲ ನನಗರಿವಿಲ್ಲದೆ ಅವಳ ಏರುದನಿ ನನ್ನ ಗಂಟಲಿಗೆ ಬಂತು. “ಆ ಕರಿಯಗೆ ಹೇಳೇ, ಮಳೆಯಾಗೆ ಬರೀ ತಲೇಲಿ ತಿರುಗಬ್ಯಾಡ ಅಂತ. ಮರಿಗೆ ಹೊದಿಸಿ ತಾನು ನೆನೀತಾನೆ, ನನಗೆ ಗೊತ್ತಿಲ್ವಾ ಅವನ ಬುದ್ಧಿ? ಹುಟ್ಟಿದಾಗ ಎತ್ತಾಡ್ಸಿದಾಕಿ ನಾನು. ಕೆಮ್ಮು ಹಚ್ಕಂಡು ನನ್ ಮುಂದೆ ಬಂದ್ರೆ ಒಳಿಕ್ಕೆ ಸೇರ್ಸಲ್ಲ ಅನ್ನು. ಮಾತು ಹೋದ್ರೆ ಏನಾತು, ಕೈ ಇನ್ನೂ ಗಟ್ಟಿ ಐತೆ ಅನ್ನು. ಲೇ ಕರಿಯ, ಕಂಬಳಿ ಹೊದ್ಕಳಲೇ!”

ಓದಿ ಮುಗಿಸಿ ತಲೆ ಎತ್ತಿದೆ. ಅವನ ಗಡ್ಡ ಒದ್ದೆಯಾಗಿತ್ತು. ಬೇರೆ ಓದಲೇ, ಇದರಲ್ಲಿ ಬರೀ ಬೈಗುಳವೇ ಇದೆ ಎಂದು ಕೇಳಿದೆ.

“ಬ್ಯಾಡ,” ಅಂದ. “ಅದ್ನೇ ಇನ್ನೊಂದ್ಸಲ ಓದು.”

ಓದಿದೆ. ಈ ಸಲ ಹಳ್ಳದಾಚೆಗೂ ಕೇಳುವಂತೆ, ದೊಡ್ಡಕ್ಕ ಹೇಗೆ ಕೂಗುತ್ತಿದ್ದಳೋ ಹಾಗೆ. ಮರಿಗಳು ಕಿವಿ ನಿಮಿರಿಸಿದವು. ನೆತ್ತಿಯ ಮೇಲೆ ಸುಡುಬಿಸಿಲು, ಆಕಾಶದಲ್ಲಿ ಮೋಡದ ಸುಳಿವಿಲ್ಲ. ನನ್ನ ಮೊಮ್ಮಕ್ಕಳಿಂದ ತಾತ ಅನ್ನಿಸಿಕೊಳ್ಳುವ ನನ್ನ ತಮ್ಮ ಹೆಗಲ ಕಂಬಳಿಯನ್ನು ಬಿಡಿಸಿ, ಒದರಿ, ಮರುಮಾತಿಲ್ಲದೆ ತಲೆತುಂಬ ಹೊದ್ದುಕೊಂಡ.